ಹೆಗಲಿಗೇರುವ ಆಕ್ಸಿಜನ್ ಯಂತ್ರವನ್ನು ಆರಿಸುವ ಮುನ್ನ

ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರಿರುವ ಮನೆಗಳಲ್ಲಿ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ನಿಮಿಷಕ್ಕೆ ಐದು ಲೀಟರಿನಂತೆ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಈಗ ಅಪರೂಪದ ವಸ್ತುವೇನಲ್ಲ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ, ಅದರ ಹೆಸರು ಕೇಳದವರೇ ಇಲ್ಲವೆನ್ನುವಂತಾಯಿತು. ಆದರೆ ಬ್ಯಾಟರಿಯಲ್ಲಿ ನಡೆಯುವ, ಹೆಗಲಿಗೆ ಹಾಕಿಕೊಂಡು ಪೇಟೆಗೋ ಮದುವೆಗೋ ಹೋಗಿಬರಬಹುದಾದ ಚಿಕ್ಕ ಯಂತ್ರದ ವಿಚಾರಕ್ಕೆ ಬಂದರೆ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ ಸಂಗತಿ: ಅದು ಹಗುರ ಮತ್ತು ಅದು ದುಬಾರಿ. ಈ ಎರಡನ್ನೂ ತಕ್ಕಡಿಯಲ್ಲಿಯೂ ಬಿಲ್ಲಿನಲ್ಲಿಯೂ ನೋಡಬಹುದು. ಯಂತ್ರ ಬಿಡುವ ಆಮ್ಲಜನಕವು ಅದನ್ನು ಬಳಸುವವರ ಉಸಿರಿನ ಲಯಕ್ಕೆ ಹೊಂದುತ್ತದೆಯೇ ಎಂಬ ಮೂರನೆಯ ಸಂಗತಿ ಮಾತ್ರ ಅವರು ಅದನ್ನು ಮೂಗಿಗೆ ಹಾಕಿಕೊಂಡು ನಡೆದಾಗಲೇ ತಿಳಿಯುವಂಥದ್ದು. ಪುತ್ತೂರಿನ ನಮ್ಮ ಮನೆಗೆ ಅಂಥದೊಂದು ಯಂತ್ರವನ್ನು ಕೊಳ್ಳುವಾಗ ನಾವು ವಿಚಾರಿಸಿದ್ದನ್ನು, ತೂಗಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಎಷ್ಟು ಆಮ್ಲಜನಕ, ಎಷ್ಟು ಹೊತ್ತು ಎಂಬುದನ್ನು ಹೇಳಬೇಕಾದವರು ಶ್ವಾಸಕೋಶ ತಜ್ಞರೇ.

ಅಮ್ಮನಿಗೆ ಇರುವುದು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಬೀಡಿ ಸಿಗರೇಟುಗಳ ಸುಳಿವೇ ಇಲ್ಲದ ಹೆಂಗಸರಿಗೆ ಈ ಕಾಯಿಲೆ ಹೇಗೆ ಬರುತ್ತದೆಂದು ಕೇಳುವವರಿದ್ದಾರೆ. ಗಾಳಿಯಾಡದ ಅಡುಗೆಮನೆಯಲ್ಲಿ ಹಸಿ ಕಟ್ಟಿಗೆಯ ಒಲೆ, ಬಚ್ಚಲಲ್ಲಿ ಹಂಡೆಯ ಕೆಳಗೆ ದಿನವಿಡೀ ಹೊಗೆಯಾಡುವ ತೆಂಗಿನ ಗರಿ ಮತ್ತು ಅಡಿಕೆಯ ಸೋಗೆ. ಇಂಥ ಹೊಗೆಯಲ್ಲಿ ದಶಕಗಳನ್ನು ಕಳೆದವರಿಗೆ ಸಿಗರೇಟಿನ ಅಗತ್ಯವಿಲ್ಲ. ರಕ್ತದ ಆಮ್ಲಜನಕದ ಮಟ್ಟವನ್ನು ಅಪಧಮನಿಯಿಂದಲೇ ರಕ್ತ ತೆಗೆದು ನೋಡಿದ ಮಂಗಳೂರಿನ ವೈದ್ಯರು, ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಬೇಕೆಂದು ಬರೆದುಕೊಟ್ಟರು.

ಈ ಹದಿನೈದು ಗಂಟೆಯ ಲೆಕ್ಕ ಎಲ್ಲಿಂದ ಬಂತೆಂಬುದನ್ನು ತಿಳಿದಿದ್ದರೆ ಒಳ್ಳೆಯದು, ಏಕೆಂದರೆ ಹೊತ್ತೊಯ್ಯುವ ಯಂತ್ರದ ಅಗತ್ಯವೂ ಅಲ್ಲಿಯೇ ಹುಟ್ಟುತ್ತದೆ. ಉತ್ತರ ಅಮೆರಿಕದ ಆರು ಕೇಂದ್ರಗಳಲ್ಲಿ 203 ರೋಗಿಗಳ ಮೇಲೆ ನಡೆದು 1980ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಾತ್ರಿ ಹೊತ್ತು ಮಾತ್ರ ಆಮ್ಲಜನಕ ಪಡೆದವರಿಗಿಂತ ಹಗಲು ರಾತ್ರಿ ಪಡೆದವರು ಹೆಚ್ಚು ಕಾಲ ಬದುಕಿದರು. ಮರುವರ್ಷ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 87 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ದಿನಕ್ಕೆ 15 ಗಂಟೆ ಆಮ್ಲಜನಕ ಪಡೆದವರು ಏನೂ ಪಡೆಯದವರಿಗಿಂತ ಮೇಲಾಗಿದ್ದರು. ಅಂದಿನಿಂದ ಇಂದಿನವರೆಗೆ, ರಕ್ತದಲ್ಲಿ ಆಮ್ಲಜನಕದ ಒತ್ತಡ ಪಾದರಸದ 55 ಮಿಲಿಮೀಟರ್‌ಗೆ ಅಥವಾ ಬೆರಳಿನ ಆಕ್ಸಿಮೀಟರಿನ ಓದು ಶೇ 88ಕ್ಕೆ ಇಳಿದವರಿಗೆ ಈ ಚಿಕಿತ್ಸೆಯನ್ನು ಹೇಳುವುದು ಬಹುಮಟ್ಟಿಗೆ ಈ ಎರಡು ಅಧ್ಯಯನಗಳ ಬಲದ ಮೇಲೆ. 2016ರಲ್ಲಿ ಪ್ರಕಟವಾದ 738 ರೋಗಿಗಳ ಇನ್ನೊಂದು ದೊಡ್ಡ ಅಧ್ಯಯನವು, ಆಮ್ಲಜನಕ ಸಾಧಾರಣವಾಗಿ ಮಾತ್ರ ಇಳಿದವರಿಗೆ ಇದರಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ತೋರಿಸಿತು. ಆದುದರಿಂದ ನಡೆದಾಗ ಏದುಸಿರು ಬರುತ್ತದೆಂಬ ಒಂದೇ ಕಾರಣಕ್ಕೆ ಎರಡು ಮೂರು ಲಕ್ಷದ ಯಂತ್ರಕ್ಕೆ ಕೈಹಾಕುವುದು ಸರಿಯಲ್ಲ. ಏದುಸಿರಿಗೂ ಆಮ್ಲಜನಕದ ಕೊರತೆಗೂ ಯಾವಾಗಲೂ ನಂಟಿರುವುದಿಲ್ಲ.

ಹದಿನೈದು ಗಂಟೆಯಲ್ಲಿ ನಿದ್ದೆಯ ಎಂಟು ಗಂಟೆಯನ್ನು ಕಳೆದರೆ ಉಳಿಯುವ ಏಳು ಗಂಟೆ ಹಗಲಿನದ್ದು. ಮನೆಯ ಯಂತ್ರಕ್ಕೆ ಸುಮಾರು ಹದಿನೈದು ಮೀಟರ್ ಉದ್ದದ ನಳಿಕೆಯನ್ನು ಜೋಡಿಸಬಹುದಾದ್ದರಿಂದ ಚಾವಡಿ, ಅಡುಗೆಮನೆ, ಬಚ್ಚಲು ಇವಿಷ್ಟು ದೂರ ಅಮ್ಮನಿಗೆ ತೊಂದರೆಯಿರಲಿಲ್ಲ. ಅಂಗಳದಾಚೆಗೆ ಹೋಗಬೇಕೆಂದರೆ ನಳಿಕೆಯನ್ನು ಕಳಚಬೇಕು. ಕಳಚುವ ಬದಲು ಹೋಗುವುದನ್ನೇ ಬಿಡುತ್ತಾರೆ. ನಡೆಯುವುದು ಕಡಿಮೆಯಾಗುತ್ತದೆ, ಕಾಲಿನ ಸ್ನಾಯುಗಳು ಸೊರಗುತ್ತವೆ, ಸೊರಗಿದ ಕಾಲಿಗೆ ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಉಸಿರು ಬೇಕಾಗುತ್ತದೆ. ಎರಡನೆಯ ಯಂತ್ರದ ಯೋಚನೆ ನಮಗೆ ಬಂದದ್ದು ಇದನ್ನು ತಡೆಯುವುದಕ್ಕಾಗಿಯೇ ಹೊರತು ಮೊದಲನೆಯದನ್ನು ಮೂಲೆಗೆ ಸರಿಸುವುದಕ್ಕಲ್ಲ. ಸಣ್ಣ ಯಂತ್ರವೊಂದೇ ಸಾಕು, ದೊಡ್ಡದು ಬೇಡ ಎಂದು ಹೇಳುವ ಮಾರಾಟಗಾರರ ಮಾತನ್ನು ನಾನಂತೂ ನಂಬುವುದಿಲ್ಲ.

ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಒಳಗಿನ ಕೆಲಸ ಒಂದೇ. ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಸಾರಜನಕ, ಶೇ 21ರಷ್ಟು ಆಮ್ಲಜನಕವಿದೆ. ಕಂಪ್ರೆಸರ್ ಒಂದು ಆ ಗಾಳಿಯನ್ನು ಒತ್ತಿ ಝಿಯೊಲೈಟ್ ಎಂಬ ಹರಳುಗಳು ತುಂಬಿದ ಕೊಳವೆಯೊಳಗೆ ನೂಕುತ್ತದೆ. ಒತ್ತಡದಲ್ಲಿ ಝಿಯೊಲೈಟ್ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕ ಮುಂದಕ್ಕೆ ಸಾಗುತ್ತದೆ; ಒತ್ತಡ ಇಳಿದಾಗ ಸಾರಜನಕ ಹೊರಬೀಳುತ್ತದೆ. ಎರಡು ಕೊಳವೆಗಳು ಸರದಿಯಂತೆ ಇದನ್ನೇ ಮಾಡುತ್ತಿರುತ್ತವೆ. ಹೀಗೆ ಸಿಗುವ ಅನಿಲದಲ್ಲಿ ಸಾಮಾನ್ಯವಾಗಿ ಶೇ 87ರಿಂದ 96ರಷ್ಟು ಆಮ್ಲಜನಕವಿರುತ್ತದೆ. ಯಂತ್ರದೊಳಗೆ ಆಮ್ಲಜನಕದ ದಾಸ್ತಾನೇನೂ ಇರುವುದಿಲ್ಲ. ಕರೆಂಟು ನಿಂತ ಕ್ಷಣ ಆಮ್ಲಜನಕವೂ ನಿಲ್ಲುತ್ತದೆ. ಹದಿನಾಲ್ಕು ಹದಿನೈದು ಕಿಲೋ ತೂಗುವ ಮನೆಯ ಯಂತ್ರ ನಿಮಿಷಕ್ಕೆ ಐದು ಲೀಟರ್ ಕೊಡುತ್ತದೆ. ಎರಡು ಕಿಲೋ ಆಸುಪಾಸಿನ ಯಂತ್ರದೊಳಗಿನ ಪುಟ್ಟ ಕಂಪ್ರೆಸರಿಗೂ ಹಿಡಿಯಷ್ಟು ಝಿಯೊಲೈಟಿಗೂ ಅಷ್ಟು ಸಾಮರ್ಥ್ಯ ಬರುವುದಾದರೂ ಎಲ್ಲಿಂದ?

ಆಯ್ಕೆಯ ತಿರುಳು ಇರುವುದು ಈ ಪ್ರಶ್ನೆಯಲ್ಲಿಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮನೆಯ ಯಂತ್ರ ನಾವು ಉಸಿರನ್ನು ಒಳಗೆಳೆದುಕೊಳ್ಳಲಿ, ಹೊರಬಿಡಲಿ, ನಿರಂತರವಾಗಿ ಆಮ್ಲಜನಕವನ್ನು ಹರಿಸುತ್ತಲೇ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನ ಹರಿವೆಂದರೆ ಸೆಕೆಂಡಿಗೆ ಸುಮಾರು 33 ಮಿಲಿಲೀಟರ್. ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡುವವರಲ್ಲಿ ಒಂದು ಉಸಿರಿಗೆ ಮೂರು ಸೆಕೆಂಡು; ಅದರಲ್ಲಿ ಒಳಗೆಳೆದುಕೊಳ್ಳುವುದು ಒಂದೇ ಸೆಕೆಂಡು. ಉಳಿದೆರಡು ಸೆಕೆಂಡು ಹರಿದದ್ದು ಹೆಚ್ಚಿನಂಶ ಕೋಣೆಯ ಪಾಲು. ಒಳಹೋದ 33 ಮಿಲಿಲೀಟರಿನಲ್ಲಿಯೂ ಕೊನೆಯ ಭಾಗ ಶ್ವಾಸನಾಳದಲ್ಲಿಯೇ ಉಳಿದು, ಗಾಳಿಗೂಡುಗಳನ್ನು ತಲುಪದೆ ಹೊರಬರುತ್ತದೆ. ಹಾಗಿದ್ದರೆ ಉಸಿರು ಒಳಹೋಗತೊಡಗಿದ ಕ್ಷಣದಲ್ಲಿಯೇ ಇಪ್ಪತ್ತು ಇಪ್ಪತ್ತೆರಡು ಮಿಲಿಲೀಟರನ್ನು ಒಮ್ಮೆಗೇ ಬಿಟ್ಟು, ಉಳಿದ ಹೊತ್ತು ಸುಮ್ಮನಿದ್ದರಾಯಿತಲ್ಲವೇ? ಚಿಕ್ಕ ಯಂತ್ರಗಳು ಮಾಡುವುದು ಇದನ್ನೇ. ಮೂಗಿನ ನಳಿಕೆಯಲ್ಲಿ ಒತ್ತಡ ತುಸು ಇಳಿದುದನ್ನು ಗುರುತಿಸಿ 'ಪುಸ್' ಎಂದು ಒಂದು ಗುಕ್ಕನ್ನು ಬಿಡುತ್ತವೆ. ಇದನ್ನು ಪಲ್ಸ್ ಡೋಸ್ ಎನ್ನುತ್ತಾರೆ.

ಉಪಾಯವೇನೋ ಚೆನ್ನಾಗಿದೆ, ಆದರೆ ಗೊಂದಲ ಶುರುವಾಗುವುದು ಯಂತ್ರದ ಮೇಲಿನ ಅಂಕಿಗಳಿಂದ. ಪಲ್ಸ್ ಯಂತ್ರದ ಗುಂಡಿಯಲ್ಲಿ 1, 2, 3 ಎಂದು ಬರೆದಿರುವುದು ಲೀಟರ್ ಅಲ್ಲ. ಇನೋಜೆನ್ ಒನ್ ಜಿ5 ಎಂಬ ಯಂತ್ರದಲ್ಲಿ ಒಂದೊಂದು ಅಂಕಿಗೆ ನಿಮಿಷಕ್ಕೆ 210 ಮಿಲಿಲೀಟರ್. ಗರಿಷ್ಠವಾದ ಆರಕ್ಕೆ 1,260 ಮಿಲಿಲೀಟರ್. ಅಂದರೆ '2' ಎಂದಿರುವಾಗ ಅದು ನಿಮಿಷಕ್ಕೆ ಒಟ್ಟು ಕೊಡುವುದು ಅರ್ಧ ಲೀಟರಿಗಿಂತ ಕಡಿಮೆ. ಫಿಲಿಪ್ಸ್ ಕಂಪನಿಯ ಸಿಂಪ್ಲಿಗೋ ಮಿನಿಯ ಗರಿಷ್ಠ ಅಂಕಿ ಐದು. ಆಗ ಅದು ಕೊಡುವುದು ಹೆಚ್ಚೆಂದರೆ ನಿಮಿಷಕ್ಕೆ ಒಂದು ಲೀಟರ್. ಒಂದು ಕಂಪನಿಯ ಮೂರು ಇನ್ನೊಂದು ಕಂಪನಿಯ ಮೂರಕ್ಕೆ ಸಮವೆಂದು ಹೇಳುವಂತಿಲ್ಲ. ಹಿಂದೆ ಊರಿಗೊಂದು ಗಾತ್ರದ ಸೇರು ಇದ್ದಂತೆ ಇದು. ವೈದ್ಯರು 'ಎರಡು ಲೀಟರ್' ಎಂದು ಬರೆದ ಚೀಟಿಯನ್ನು ಹಿಡಿದು, ಯಂತ್ರದಲ್ಲಿ ಎರಡನ್ನು ಒತ್ತಿ, ಎಲ್ಲವೂ ಸರಿಯಿದೆಯೆಂದು ಮನೆಗೆ ಬರುವವರು ಬಹಳ ಮಂದಿ.

ಇನ್ನೊಂದು ಸೂಕ್ಷ್ಮವೂ ಇದೆ. ಕೆಲವು ಯಂತ್ರಗಳು ನಿಮಿಷದ ಒಟ್ಟು ಪ್ರಮಾಣವನ್ನು ಸ್ಥಿರವಾಗಿಡುತ್ತವೆ. ಉಸಿರಿನ ವೇಗ ಹೆಚ್ಚಿದಂತೆ ಒಂದೊಂದು ಗುಕ್ಕು ಚಿಕ್ಕದಾಗುತ್ತದೆ. ನಿಮಿಷಕ್ಕೆ 420 ಮಿಲಿಲೀಟರನ್ನು ಇಪ್ಪತ್ತು ಉಸಿರಿಗೆ ಹಂಚಿದರೆ ತಲಾ 21, ಮೂವತ್ತು ಉಸಿರಿಗೆ ಹಂಚಿದರೆ ತಲಾ 14. ಮೆಟ್ಟಿಲು ಹತ್ತುವಾಗ, ಅಂದರೆ ಹೆಚ್ಚು ಬೇಕಾದಾಗಲೇ, ಗುಕ್ಕು ಕಿರಿದಾಗುತ್ತದೆ. ಇನ್ನು ಕೆಲವು ಯಂತ್ರಗಳು ಗುಕ್ಕಿನ ಗಾತ್ರವನ್ನು ಸ್ಥಿರವಾಗಿಡಲು ಯತ್ನಿಸುತ್ತವೆ, ಆದರೆ ಅವುಗಳಿಗೂ ಕಂಪ್ರೆಸರಿನ ಮಿತಿ ಇದ್ದೇ ಇದೆ. ಆದ್ದರಿಂದ ಕೊಳ್ಳುವವರು ಕೇಳಬೇಕಾದದ್ದು 'ಎಷ್ಟು ಸೆಟ್ಟಿಂಗ್ ಇದೆ' ಎಂದಲ್ಲ, 'ಗರಿಷ್ಠ ಸೆಟ್ಟಿಂಗಿನಲ್ಲಿ ನಿಮಿಷಕ್ಕೆ ಒಟ್ಟು ಎಷ್ಟು ಮಿಲಿಲೀಟರ್ ಕೊಡುತ್ತದೆ' ಎಂದು. ಕೈಪಿಡಿಯ ಕೊನೆಯ ಪುಟಗಳಲ್ಲಿ ಅದು ಅಚ್ಚಾಗಿರುತ್ತದೆ. ಮಾರುವವರಿಗೆ ಅದು ತಿಳಿದಿಲ್ಲದಿದ್ದರೆ ಅಲ್ಲಿಂದ ಎದ್ದು ಬರುವುದು ವಾಸಿ.

ನಿರಂತರ ಹರಿವನ್ನೂ ಕೊಡಬಲ್ಲ ಹೊತ್ತೊಯ್ಯುವ ಯಂತ್ರಗಳೂ ಇವೆ, ಆದರೆ ಹೊರುವುದಕ್ಕಿಂತ ಎಳೆದೊಯ್ಯುವುದೇ ಹೆಚ್ಚು. ಸಿಂಪ್ಲಿಗೋ ಸುಮಾರು ನಾಲ್ಕೂವರೆ ಕಿಲೋ ಇದ್ದು ನಿಮಿಷಕ್ಕೆ ಎರಡು ಲೀಟರಿನವರೆಗೆ ನಿರಂತರವಾಗಿ ಕೊಡುತ್ತದೆ. ಎಕ್ಲಿಪ್ಸ್ 5 ಎಂಟು ಕಿಲೋ ದಾಟುತ್ತದೆ, ಮೂರು ಲೀಟರಿನವರೆಗೆ ಕೊಡುತ್ತದೆ, ಚಕ್ರದ ಗಾಡಿಯ ಮೇಲೆ ಬರುತ್ತದೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ನಮಗೆ ಇದು ಮನವರಿಕೆಯಾದದ್ದು ಅಡಿಕೆ ಒಣಗಿಸುವ ನಮ್ಮ ಅಂಗಳದಲ್ಲಿ. ಮಂಗಳೂರಿನ ವೈದ್ಯರು ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷದ ನಡಿಗೆಯ ಪರೀಕ್ಷೆಯನ್ನು ಮೊದಲು ಯಂತ್ರವಿಲ್ಲದೆ, ಆಮೇಲೆ ಯಂತ್ರದೊಂದಿಗೆ ಮಾಡಿಸಿದ್ದರು. ಬಾಡಿಗೆಗೆ ತಂದ ಯಂತ್ರವನ್ನು ಮನೆಯಲ್ಲಿಯೂ ಹಾಗೆಯೇ ಪರೀಕ್ಷಿಸಿರೆಂದು ಅವರೇ ಹೇಳಿದರು. ಆಸ್ಪತ್ರೆಯ ನೆಲ ಸಮತಟ್ಟು, ನಮ್ಮ ಅಂಗಳದಿಂದ ಜಗಲಿಗೆ ನಾಲ್ಕು ಮೆಟ್ಟಿಲು. ಅಮ್ಮ ಬಲಗೈಯ ತೋರುಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು, ಎರಡನೆಯ ಸೆಟ್ಟಿಂಗಿನಲ್ಲಿ ಅಂಗಳದ ಉದ್ದಕ್ಕೆ ಹೋಗಿಬಂದರು. ನಡೆಯುವಾಗ ಓದು 91, 90. ನಿಂತು ಪಕ್ಕದ ಮನೆಯ ಅಕ್ಕನೊಡನೆ ಮಾತಿಗಿಳಿದಾಗ 'ಪುಸ್' ಶಬ್ದ ತಪ್ಪತೊಡಗಿತು. ಮಾತಾಡುವಾಗ ಅಮ್ಮ ಬಾಯಿಯಿಂದ ಉಸಿರೆಳೆದುಕೊಳ್ಳುತ್ತಾರೆ, ಮೂಗಿನ ನಳಿಕೆಗೆ ಅದರ ಸುಳಿವು ಸಿಗುವುದಿಲ್ಲ. ಯಂತ್ರ ಉಸಿರು ಕಾಣುತ್ತಿಲ್ಲವೆಂದು ಕೂಗಿಕೊಂಡಿತು. ಮೆಟ್ಟಿಲೇರಿ ಕುಳಿತ ಮೇಲೆ ಅಂಕಿ ಇನ್ನೂ ಇಳಿದು 87ಕ್ಕೆ ಬಂದು, ನಿಧಾನವಾಗಿ ಮೇಲೇರಿತು. ಬೆರಳಿನ ಓದು ದೇಹದ ಸ್ಥಿತಿಗಿಂತ ತುಸು ಹಿಂದಿರುತ್ತದೆ. ಆದುದರಿಂದ ನಡೆದು ನಿಂತ ಮೇಲೆಯೂ ಒಂದೆರಡು ನಿಮಿಷ ಬೆರಳನ್ನು ತೆಗೆಯಬಾರದು. ಮೂರನೆಯ ಸೆಟ್ಟಿಂಗಿನಲ್ಲಿ ಅದೇ ಮೆಟ್ಟಿಲಿಗೆ ಅಂಕಿ 89ರಿಂದ ಕೆಳಗಿಳಿಯಲಿಲ್ಲ.

ಆಕ್ಸಿಮೀಟರಿನ ಬಗ್ಗೆ ಒಂದು ಮಾತು: ತಣ್ಣಗಾದ ಬೆರಳು, ಉಗುರುಬಣ್ಣ, ದಟ್ಟ ಮದರಂಗಿ ಇವು ಅದರ ಓದನ್ನು ಕೆಡಿಸುತ್ತವೆ. ಮೈಬಣ್ಣ ಕಪ್ಪಾಗಿರುವವರಲ್ಲಿ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವ ಸಂಭವವೂ ಇದೆ. ಇನ್ನು 'ಹೆಚ್ಚಾದಷ್ಟೂ ಒಳ್ಳೆಯದು' ಎಂಬ ತಿಳಿವಳಿಕೆ ಸಿಒಪಿಡಿಯವರ ಮಟ್ಟಿಗೆ ಅಪಾಯಕಾರಿ. ಅವರಲ್ಲಿ ಕೆಲವರಿಗೆ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಆ ಕಾರಣಕ್ಕೆ ವೈದ್ಯರು 88ರಿಂದ 92ರ ನಡುವೆ ಇರಲೆಂದು ಹೇಳಿರುತ್ತಾರೆ. ಅಂಕಿ 98 ಬರಲಿಲ್ಲವೆಂದು ಮನೆಯವರು ಗುಂಡಿಯನ್ನು ಮೇಲೇರಿಸುತ್ತ ಹೋಗಬಾರದು.

ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿರುವ ದೊಡ್ಡಪ್ಪನವರಿಗೂ ಇಂಥದೇ ಯಂತ್ರ ಬೇಕಾಗಿತ್ತು. ಅವರದು ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಫೈಬ್ರೋಸಿಸ್. ಕುಳಿತಾಗ ಅವರಿಗೆ ಆಮ್ಲಜನಕವೇ ಬೇಡ. ನಡೆದರೆ ನಿಮಿಷಕ್ಕೆ ನಾಲ್ಕು ಲೀಟರ್ ಬೇಕು. ಈ ಕಾಯಿಲೆಯವರ ಉಸಿರು ಚಿಕ್ಕದು, ವೇಗದ್ದು. ಅಮ್ಮನಿಗೆ ಒಗ್ಗಿದ ಅದೇ ಮಾದರಿಯ ಯಂತ್ರವನ್ನು ಅದರ ಗರಿಷ್ಠ ಸೆಟ್ಟಿಂಗಿನಲ್ಲಿ ಹಾಕಿಕೊಂಡು ಅವರು ತಮ್ಮ ಅಪಾರ್ಟ್‌ಮೆಂಟಿನ ಓಣಿಯಲ್ಲಿ ನಡೆದರೆ ಅಂಕಿ 82ಕ್ಕೆ ಇಳಿಯುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ. ನಿಮಿಷಕ್ಕೆ ಒಂದೂಕಾಲು ಲೀಟರ್ ತಯಾರಿಸುವ ಯಂತ್ರದಿಂದ ನಾಲ್ಕು ಲೀಟರಿನ ಕೆಲಸವನ್ನು ಬಯಸುವುದೇ ಅಸಾಧ್ಯ. ಅವರ ವೈದ್ಯರು ಹೊರಗೆ ಹೋಗಲು ಚಿಕ್ಕ ಅಲ್ಯೂಮಿನಿಯಂ ಸಿಲಿಂಡರನ್ನೇ ಸೂಚಿಸಿದರು. ದೊಡ್ಡಪ್ಪ ಅದನ್ನು ಸಾಮಾನು ಎಳೆಯುವ ಗಾಡಿಗೆ ಕಟ್ಟಿಕೊಂಡು ಲಾಲ್‌ಬಾಗಿಗೆ ಹೋಗುತ್ತಾರೆ, ಮತ್ತು ಹಗುರವಾದ ಯಂತ್ರದ ಜಾಹೀರಾತನ್ನು ಯಾರಾದರೂ ಕಳುಹಿಸಿದರೆ ಅವರಿಗೇ ಫೋನು ಮಾಡಿ ಪಲ್ಸಿಗೂ ಲೀಟರಿಗೂ ಇರುವ ವ್ಯತ್ಯಾಸವನ್ನು ಅರ್ಧ ಗಂಟೆ ವಿವರಿಸುತ್ತಾರೆ.

ರಾತ್ರಿಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿದ್ದೆಯಲ್ಲಿ ಉಸಿರು ಮೇಲುಮೇಲಿನದಾಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ಪಲ್ಸ್ ಯಂತ್ರ ಉಸಿರನ್ನು ಗುರುತಿಸುವುದು ತಪ್ಪುತ್ತದೆ. ರಾತ್ರಿಗೆ ನಿರಂತರ ಹರಿವಿನ ಮನೆಯ ಯಂತ್ರವೇ ಇರಲಿ ಎಂದು ನಮ್ಮ ವೈದ್ಯರು ಖಡಾಖಂಡಿತವಾಗಿ ಹೇಳಿದರು. ಪ್ರವಾಸ ಹೋಗಿ ಉಳಿದುಕೊಳ್ಳುವ ಯೋಚನೆಯಿದ್ದರೆ ಹೋದ ಊರಿನಲ್ಲಿ ಬಾಡಿಗೆಯ ಐದು ಲೀಟರಿನ ಯಂತ್ರ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಬ್ಯಾಟರಿಯ ಗಂಟೆಗಳನ್ನು ಜಾಹೀರಾತಿನಲ್ಲಿ ಹೇಳುವುದು ಹೆಚ್ಚಾಗಿ ಒಂದನೆಯ ಸೆಟ್ಟಿಂಗಿಗೆ. ಜಿ5ರ ಚಿಕ್ಕ ಬ್ಯಾಟರಿ ಒಂದರಲ್ಲಿ ಆರೂವರೆ ಗಂಟೆ ಬರುತ್ತದೆಂದು ತಯಾರಕರೇ ಹೇಳುತ್ತಾರೆ. ಮೂರಕ್ಕೆ ಏರಿಸಿದರೆ ಅದು ಸುಮಾರು ಅರ್ಧಕ್ಕಿಳಿಯುತ್ತದೆ, ಆರಕ್ಕೆ ಏರಿಸಿದರೆ ಒಂದೂವರೆ ಗಂಟೆಯ ಆಸುಪಾಸು. ಅದೂ ಹೊಸ ಬ್ಯಾಟರಿಯ ಮಾತು. ಕೆಲವು ನೂರು ಸಲ ಚಾರ್ಜ್ ಆದಮೇಲೆ ಇನ್ನಷ್ಟು ಕಡಿಮೆ. ಪುತ್ತೂರಿನಿಂದ ಮಂಗಳೂರಿಗೆ ಹೋಗಿ, ಆಸ್ಪತ್ರೆಯಲ್ಲಿ ಸರದಿ ಕಾದು, ಹಿಂದಿರುಗುವುದೆಂದರೆ ಒಂದು ಹಗಲೇ ಮುಗಿಯುತ್ತದೆ. ಹೀಗಾಗಿ ದೊಡ್ಡ ಬ್ಯಾಟರಿ ಮತ್ತು ಕಾರಿನ ಚಾರ್ಜರು ನಮಗೆ ಅನಿವಾರ್ಯವಾದವು. ಬೆಲೆ ವಿಚಾರಿಸುವಾಗ ಇವೆರಡೂ ಸೇರಿ ಎಷ್ಟೆಂದು ಕೇಳಬೇಕು, ಏಕೆಂದರೆ ಬೇರೆಯಾಗಿ ಕೊಂಡರೆ ಬ್ಯಾಟರಿಯೊಂದೇ ಹತ್ತಾರು ಸಾವಿರವಾಗುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮೆಸ್ಕಾಂನವರು ಬಂದು ಸರಿಪಡಿಸುವವರೆಗೆ ನಮ್ಮಲ್ಲಿ ಕತ್ತಲೆ. ಐದು ಲೀಟರಿನ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ಮನೆಗಳಲ್ಲಿರುವ 150 ಆಂಪಿಯರ್ ಗಂಟೆಯ ಒಂದು ಬ್ಯಾಟರಿಯ ಇನ್ವರ್ಟರ್ ಮೂರು ಮೂರೂವರೆ ಗಂಟೆಗಿಂತ ಹೆಚ್ಚು ಅದನ್ನು ನಡೆಸಲಾರದು. ಅಂಥ ಹಗಲುಗಳಲ್ಲಿ ಚಿಕ್ಕ ಯಂತ್ರ ಮನೆಯೊಳಗೂ ಉಪಯೋಗಕ್ಕೆ ಬರುತ್ತದೆ. ರಾತ್ರಿಗೆಂದು ಒಂದು ಬಿ ಟೈಪ್ ಸಿಲಿಂಡರನ್ನು ತುಂಬಿಸಿಟ್ಟಿದ್ದೇವೆ. ಅದರಲ್ಲಿ ಸುಮಾರು 1,500 ಲೀಟರ್ ಹಿಡಿಯುತ್ತದೆ, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡೂವರೆ ಗಂಟೆ.

ನಮ್ಮ ಕರಾವಳಿಯ ಹವೆ ಝಿಯೊಲೈಟಿಗೆ ಹೇಳಿಸಿದ್ದಲ್ಲ. ಝಿಯೊಲೈಟ್ ಸಾರಜನಕಕ್ಕಿಂತಲೂ ಬಿಗಿಯಾಗಿ ನೀರಿನ ಆವಿಯನ್ನು ಹಿಡಿದುಕೊಳ್ಳುತ್ತದೆ, ಹಾಗೆ ಹಿಡಿದದ್ದನ್ನು ಸುಲಭವಾಗಿ ಬಿಡುವುದಿಲ್ಲ. ಯಂತ್ರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಮುಚ್ಚಿಟ್ಟು ದಸರೆಗೆ ಹೊರತೆಗೆದರೆ ಆಮ್ಲಜನಕದ ಶುದ್ಧತೆ ಇಳಿದಿರುವ ಸಂಭವವಿದೆ. ಆಗಾಗ ಸ್ವಲ್ಪ ಹೊತ್ತು ನಡೆಸುತ್ತಿರಬೇಕು. ಬಯಲುಸೀಮೆಯವರಿಗೆ ತೊಂದರೆ ಬೇರೆ ತೆರನದು. ಹೆಚ್ಚಿನ ಯಂತ್ರಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣತೆಯ ಮೇಲ್ಮಿತಿ 40 ಡಿಗ್ರಿ ಎಂದಿರುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆ ಆ ಗೆರೆಯನ್ನು ದಾಟುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಹೇಳಬೇಕಾಗಿಲ್ಲ. ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಸುಮಾರು ಶೇ 10 ಕಡಿಮೆ, ಮಡಿಕೇರಿಯಲ್ಲಿ ಸುಮಾರು ಶೇ 13. ಸಂಪಾಜೆ ಘಾಟಿ ಹತ್ತಿ ಮಡಿಕೇರಿಯ ನೆಂಟರ ಮನೆಗೆ ಹೋದಾಗ ಅಮ್ಮನಿಗೆ ಕುಳಿತಲ್ಲಿಯೂ ಒಂದು ಅಂಕಿ ಮೇಲೆಯೇ ಬೇಕಾಯಿತು. ಮಿತಿಯ ಅಂಚಿನಲ್ಲಿ ಕೆಲಸ ಮಾಡುವ ಯಂತ್ರವನ್ನು ಕೊಳ್ಳಬಾರದೆನ್ನುವುದಕ್ಕೆ ಇದೂ ಒಂದು ಕಾರಣ.

ಹೊರುವ ಪಟ್ಟಿಯನ್ನು ವಿನ್ಯಾಸಗೊಳಿಸಿದವರು ಸೀರೆಯುಟ್ಟವರನ್ನು ನೋಡಿಲ್ಲವೆಂದು ನನಗನಿಸಿದೆ. ಪಟ್ಟಿ ಹೆಗಲಿನಿಂದ ಜಾರುತ್ತದೆ. ಜಾರದಂತೆ ಅಮ್ಮ ಅದರ ಮೇಲೆ ಸೆರಗನ್ನು ಹೊದೆಯುತ್ತಾರೆ. ಸೆರಗು ಗಾಳಿ ಒಳಹೋಗುವ ಜಾಲರಿಯನ್ನು ಮುಚ್ಚುತ್ತದೆ. ಯಂತ್ರ ಬಿಸಿಯಾಗಿ ಕೂಗುತ್ತದೆ. ಬಟ್ಟೆಯ ಕೈಚೀಲದೊಳಗೆ ಇಟ್ಟರೂ ಇದೇ ಗತಿ. ಬೆನ್ನಿಗೆ ಹಾಕುವ ಚೀಲ ಅಮ್ಮನಿಗೆ ಹಿಡಿಸಲಿಲ್ಲ, 'ಶಾಲೆ ಮಕ್ಕಳ ಹಾಗೆ ಕಾಣ್ತದೆ' ಎಂದರು. ಕೊನೆಗೆ ಅತ್ತಿಗೆ ಪಟ್ಟಿಗೆ ಎರಡು ಇಂಚು ಅಗಲದ ಹತ್ತಿಯ ಪಟ್ಟೆಯನ್ನು ಹೊಲಿದು, ಯಂತ್ರ ಸೊಂಟದ ಮುಂಭಾಗಕ್ಕೆ ಬರುವಂತೆ ಗಿಡ್ಡ ಮಾಡಿಕೊಟ್ಟರು. ಸೋಮವಾರದ ಸಂತೆಗೆ ಈಗ ಅದು ಹಾಗೆಯೇ ಹೋಗುತ್ತದೆ. ಕೊಳ್ಳುವ ಮೊದಲು ರೋಗಿ ತಾನು ದಿನವೂ ಉಡುವ ಉಡುಪಿನಲ್ಲಿಯೇ ಯಂತ್ರವನ್ನು ಹಾಕಿಕೊಂಡು ನೋಡಬೇಕು. ತೂಕದ ನಿಜವಾದ ಲೆಕ್ಕವೂ ಆಗಲೇ ಸಿಗುವುದು.

ಬೆಂಕಿಯ ಎಚ್ಚರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಅದು ಸೇರಿಕೊಂಡ ಬಟ್ಟೆ, ಕೂದಲು ಒಂದು ಕಿಡಿಗೆ ಭಗ್ಗೆಂದು ಹತ್ತಿಕೊಳ್ಳುತ್ತವೆ. ಮನೆಯ ಯಂತ್ರ ಕೋಣೆಯ ಮೂಲೆಯಲ್ಲಿರುತ್ತದೆ, ಹೆಗಲ ಯಂತ್ರ ಮಾತ್ರ ದೇವರ ಕೋಣೆಗೂ ಗ್ಯಾಸ್ ಒಲೆಯ ಬಳಿಗೂ ಜೊತೆಯಲ್ಲಿಯೇ ಬರುತ್ತದೆ. ಸಂಜೆ ದೀಪ ಹಚ್ಚುವ ಕೆಲಸವನ್ನು ಅತ್ತಿಗೆ ವಹಿಸಿಕೊಂಡಿದ್ದಾರೆ. ಮಂಗಳಾರತಿಯ ತಟ್ಟೆಯನ್ನು ಅಮ್ಮನ ಮುಂದೆ ಹಿಡಿಯುವುದಿಲ್ಲ. ಏಪ್ರಿಲ್ಲಿನ ಪುತ್ತೂರು ಜಾತ್ರೆಗೆ ಹಗಲು ಹೋಗಿಬರುತ್ತಾರೆ, ಬೆಡಿಯ, ಅಂದರೆ ಸಿಡಿಮದ್ದು ಸುಡುವ, ರಾತ್ರಿ ಹೋಗುವುದಿಲ್ಲ. ಮೂಗು ಒಣಗುತ್ತದೆಂದು ತೆಂಗಿನೆಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚುವುದೂ ಸರಿಯಲ್ಲ. ಔಷಧದ ಅಂಗಡಿಯಲ್ಲಿ ನೀರು ಆಧಾರಿತ ಜೆಲ್ ಸಿಗುತ್ತದೆ.

ಹಣದ ಮಾತಿಗೆ ಬರುತ್ತೇನೆ. ನಾವು ವಿಚಾರಿಸಿದಾಗ ಹೆಸರುವಾಸಿ ಕಂಪನಿಗಳ ಹೊಸ ಯಂತ್ರಗಳ ಬೆಲೆ ಎರಡು ಲಕ್ಷ ರೂಪಾಯಿಗಿಂತ ಮೇಲೆಯೇ ಇತ್ತು, ಮತ್ತು ಒಂದೇ ಮಾದರಿಗೆ ಇಬ್ಬರು ವಿತರಕರು ಹೇಳಿದ ಬೆಲೆಗಳ ನಡುವೆ ಬಹಳ ಅಂತರವಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ: ಕಾನ್ಸಂಟ್ರೇಟರುಗಳ ಮೇಲಿನ ವ್ಯಾಪಾರಿ ಲಾಭಾಂಶಕ್ಕೆ ಶೇ 70ರ ಮಿತಿಯನ್ನು 2021ರ ಜೂನ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಹೇರಬೇಕಾಗಿ ಬಂದಿತ್ತೆಂದರೆ, ಅದಕ್ಕೂ ಮುಂಚೆ ಎಷ್ಟು ಇಟ್ಟುಕೊಳ್ಳುತ್ತಿದ್ದರೆಂದು ಊಹಿಸಬಹುದು. ಚೌಕಾಸಿ ಮಾಡಲು ಸಂಕೋಚ ಬೇಡ.

ಆನ್‌ಲೈನಿನಲ್ಲಿ ಇದರ ಕಾಲುಭಾಗದ ಬೆಲೆಗೆ '1ರಿಂದ 7 ಲೀಟರ್' ಎಂದು ಬರೆದ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಅವುಗಳ ಕೈಪಿಡಿಯನ್ನು ಗಮನವಿಟ್ಟು ಓದಿದರೆ, ಒಂದು ಲೀಟರಿನಲ್ಲಿ ಶೇ 90ರಷ್ಟಿರುವ ಆಮ್ಲಜನಕ ಏಳು ಲೀಟರಿನಲ್ಲಿ ಶೇ 30ಕ್ಕೆ ಇಳಿಯುತ್ತದೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದು ಕಾಣುತ್ತದೆ. ಹರಿವು ಏಳು ಲೀಟರಿನದ್ದೇ, ಆದರೆ ಹರಿಯುವುದು ಹೆಚ್ಚಿನಂಶ ಬರೀ ಗಾಳಿ. ಅವುಗಳಲ್ಲಿ ಹಲವಕ್ಕೆ ಬ್ಯಾಟರಿಯಿಲ್ಲ, ಶುದ್ಧತೆ ಇಳಿದರೆ ಎಚ್ಚರಿಸುವ ಅಲಾರಂ ಇಲ್ಲ. ಈ ಅಲಾರಂ ಇಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಮನೆಗೆ ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಗ್ಗವೇ ಬೇಕಾದರೆ ಸಿಲಿಂಡರಿಗಿಂತ ಅಗ್ಗವಾದದ್ದು ಇಲ್ಲ.

ವಿಮಾನಯಾನದ ಯೋಚನೆಯಿರುವವರಿಗೆ, ಅದರಲ್ಲಿಯೂ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರಿಗೆ, ಒಂದೆರಡು ವಿಷಯ. ವಿಮಾನದೊಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ನೆಲದ ಮೇಲೆ ಸಾಕಾಗುವ ಸೆಟ್ಟಿಂಗ್ ಅಲ್ಲಿ ಸಾಲದೇ ಹೋಗಬಹುದು. ಅಮೆರಿಕದ ವಿಮಾನಯಾನ ಆಡಳಿತದ ಮಾನದಂಡಕ್ಕೆ ಹೊಂದುತ್ತದೆಂಬ ಕೆಂಪು ಅಕ್ಷರಗಳ ಒಕ್ಕಣೆ ಯಂತ್ರದ ಮೇಲಿರಬೇಕು. ಪ್ರಯಾಣದ ಒಂದೂವರೆ ಪಟ್ಟು ಹೊತ್ತಿಗೆ ಸಾಕಾಗುವಷ್ಟು ಬ್ಯಾಟರಿಯನ್ನು ವಿಮಾನ ಕಂಪನಿಗಳು ಕೇಳಬಹುದು, ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲಿಯೇ ಇರಬೇಕು, ವೈದ್ಯರಿಂದ ಫಾರಂ ತುಂಬಿಸಿ ಮೊದಲೇ ಕಳುಹಿಸಬೇಕು. ನಮ್ಮಲ್ಲಿ ಆ ಪ್ರಸಂಗ ಇನ್ನೂ ಬಂದಿಲ್ಲ; ಅಮ್ಮನಿಗೆ ಸದ್ಯ ಮಂಗಳೂರೇ ದೂರ.

ತಿಂಗಳೊಂದರ ಬಾಡಿಗೆಯ ನಂತರ ನಮ್ಮ ಮುಂದೆ ಉಳಿದದ್ದು ಎರಡು ಯಂತ್ರಗಳು. ಎರಡೂ ಅಂಗಳದ ಮೆಟ್ಟಿಲ ಪರೀಕ್ಷೆಯಲ್ಲಿ ಗೆದ್ದಿದ್ದವು, ತೂಕದಲ್ಲಿಯೂ ಬೆಲೆಯಲ್ಲಿಯೂ ಹೇಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಝಿಯೊಲೈಟಿನ ಕೊಳವೆಗಳು ಶಾಶ್ವತವಲ್ಲ. ದಿನವೂ ಬಳಸುವವರಲ್ಲಿ ಒಂದೆರಡು ವರ್ಷಗಳಲ್ಲಿ ಬದಲಾಯಿಸಬೇಕಾಗುತ್ತದೆ. ಒಂದು ಯಂತ್ರದಲ್ಲಿ ಅವುಗಳನ್ನು ಮನೆಯಲ್ಲಿಯೇ ಕಳಚಿ ಹೊಸದನ್ನು ಕೂರಿಸಬಹುದಿತ್ತು. ಇನ್ನೊಂದನ್ನು ಮುಂಬೈಗೆ ಕಳುಹಿಸಬೇಕಾಗಿತ್ತು, ಮತ್ತು ಅದು ಹಿಂದಿರುಗುವವರೆಗೆ ಬದಲಿ ಯಂತ್ರ ಕೊಡುವ ಭರವಸೆ ಬಾಯಿಮಾತಿನದಾಗಿತ್ತು. ಮೊದಲನೆಯ ಯಂತ್ರದ ವಿತರಕರು ಕೊಳವೆಗಳ ಜೋಡಿಯ ಬೆಲೆಯನ್ನು, ಎಷ್ಟು ದಿನದಲ್ಲಿ ತರಿಸಿಕೊಡುತ್ತೇವೆಂಬುದನ್ನು, ಯಂತ್ರದ ಮತ್ತು ಬ್ಯಾಟರಿಯ ಬೇರೆ ಬೇರೆ ವಾರಂಟಿಯ ಅವಧಿಯನ್ನು ಕೊಟೇಷನ್ನಿನ ಹಿಂಬದಿಯಲ್ಲಿ ಬರೆದು ಮೊಹರು ಒತ್ತಿ ಕೊಟ್ಟರು. ನಾವು ಕೊಂಡದ್ದು ಆ ಯಂತ್ರವನ್ನು.